ವೇದಿಕೆ ಬಿಡದ ಫಿಶ್‌ಬೋನ್

ಫಿಶ್‌ಬೋನ್ ಅಮೆರಿಕದ ಲಾಸ್ ಏಂಜಲೀಸ್ ನಗರದ ಫಂಕ್ ರಾಕ್ ತಂಡ. 1979ರಲ್ಲಿ ಆರು ಮಂದಿ ಶಾಲಾ ಹುಡುಗರು ಸೇರಿ ಕಟ್ಟಿದ್ದು. ನಾಲ್ಕು ದಶಕ ದಾಟಿದ ಮೇಲೂ ಅದು ಊರಿಂದೂರಿಗೆ ತಿರುಗುತ್ತ ನುಡಿಸುತ್ತಲೇ ಬಂದಿದೆ. ಈ ನಡುವೆ ದೊಡ್ಡ ಧ್ವನಿಮುದ್ರಣ ಕಂಪನಿಯೊಂದರ ಒಪ್ಪಂದ ಅದರ ಕೈಗೆ ಬಂತು, ಹೋಯಿತು. ಕಟ್ಟಿದವರಲ್ಲಿ ಕೆಲವರು ಬಿಟ್ಟುಹೋದರು, ಅವರಲ್ಲಿ ಕೆಲವರು ಮರಳಿ ಬಂದರು. ಅದರಿಂದ ಕಲಿತ ತಂಡಗಳು ಕೋಟ್ಯಂತರ ಆಲ್ಬಂ ಮಾರಿದವು. ಫಿಶ್‌ಬೋನ್‌ಗೆ ಆ ಭಾಗ್ಯ ಬರಲಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಕೊನೆಯ ಅಮೆರಿಕನ್ ರಾಕ್ ಸಂಗೀತದಲ್ಲಿ ವೇದಿಕೆಯ ಮೇಲೆ ಅತ್ಯಂತ ಪ್ರಬಲವಾದ ತಂಡ ಯಾವುದು ಎಂಬ ಪ್ರಶ್ನೆ ಎದ್ದಾಗಲೆಲ್ಲ ಅದರ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ. ರೇಡಿಯೊದಲ್ಲಿ ಜಾಗ ಸಿಗದ ತಂಡವೊಂದು ಬರೀ ಕಛೇರಿಗಳ ಬಲದಿಂದ ಹೇಗೆ ಬದುಕಿತು ಎಂಬುದೇ ಅದರ ಕಥೆ.

ಈ ಕಥೆ ಅರ್ಥವಾಗಲು ಮೊದಲು ಫಂಕ್ ಎಂದರೇನು ಎಂದು ತಿಳಿಯಬೇಕು. 1960ರ ದಶಕದ ನಡುವಿನಲ್ಲಿ ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದ್ಯಗಾರರಿಗೆ ಒಂದು ಹೊಸ ಶಿಸ್ತು ಕಲಿಸಿದರು. ನಾಲ್ಕು ಎಣಿಕೆಯ ಪ್ರತಿ ಸುತ್ತಿನಲ್ಲೂ ಮೊದಲ ಎಣಿಕೆಗೆ ಎಲ್ಲರೂ ಒಟ್ಟಾಗಿ ಒತ್ತು ಕೊಡಬೇಕು. ಉಳಿದ ಎಣಿಕೆಗಳ ನಡುವಿನ ಸಂದುಗಳಲ್ಲಿ ಒಬ್ಬೊಬ್ಬರೂ ತಮ್ಮ ಪುಟ್ಟ ತುಣುಕನ್ನು ಕೂರಿಸಬೇಕು. ಕರ್ನಾಟಕ ಸಂಗೀತ ಕೇಳುವವರಿಗೆ ಆವರ್ತದ ಸಮ ಗೊತ್ತು. ಎಲ್ಲೆಲ್ಲೋ ಅಲೆದ ಲೆಕ್ಕಾಚಾರವೆಲ್ಲ ಸಮಕ್ಕೆ ಬಂದು ಕೂಡಿದಾಗ ಸಭೆಗೆ ಆಗುವ ಹಿಗ್ಗು ಫಂಕ್‌ನಲ್ಲಿ ಪ್ರತಿ ಸುತ್ತಿಗೂ ಒದಗುತ್ತದೆ. ಗಿಟಾರ್, ಕಹಳೆ, ಡ್ರಮ್ಸ್ ಎಲ್ಲವೂ ಇಲ್ಲಿ ತಾಳವಾದ್ಯಗಳೇ. ರಾಗ ಹೆಚ್ಚು ಬದಲಾಗುವುದಿಲ್ಲ, ಬದಲಾಗಬೇಕೆಂದು ಯಾರೂ ಬಯಸುವುದೂ ಇಲ್ಲ. 1965ರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಹಾಡಿನಲ್ಲಿ ಇದರ ಮೊಳಕೆ ಕಂಡಿತು. 1967ರ ‘ಕೋಲ್ಡ್ ಸ್ವೆಟ್’ ಬರುವ ಹೊತ್ತಿಗೆ ಅದು ಪೂರ್ತಿ ಬೆಳೆದಿತ್ತು.

ಅದೇ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಎಂಬ ತಂಡ ಈ ಲಯಕ್ಕೆ ರಾಕ್ ಗಿಟಾರಿನ ಕರ್ಕಶ ನಾದವನ್ನು ಕೂಡಿಸಿತು. ಕಪ್ಪು ಜನ, ಬಿಳಿ ಜನ, ಗಂಡಸರು, ಹೆಂಗಸರು ಒಂದೇ ವೇದಿಕೆಯಲ್ಲಿ ನಿಂತು ನುಡಿಸುತ್ತಿದ್ದ ಆ ತಂಡ 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ನಡುರಾತ್ರಿ ಕಳೆದ ಮೇಲೆ ಜನಸಾಗರವನ್ನು ಎಬ್ಬಿಸಿ ಕುಣಿಸಿತು. ಅದರ ಬಾಸ್ ವಾದಕ ಲ್ಯಾರಿ ಗ್ರಹಾಂ ಹೆಬ್ಬೆರಳಿನಿಂದ ದಪ್ಪ ತಂತಿಗೆ ಹೊಡೆದು, ಬೆರಳಿನಿಂದ ತೆಳು ತಂತಿಯನ್ನು ಎಳೆದು ಬಿಡುವ ವಿಧಾನವನ್ನು ಬಳಕೆಗೆ ತಂದರು. ಅವರು ಎಳೆಯ ವಯಸ್ಸಿನಲ್ಲಿ ತಾಯಿಯ ಜೊತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದಾಗ ಡ್ರಮ್ಸ್ ನುಡಿಸುವವರು ಇರಲಿಲ್ಲ. ಡ್ರಮ್ಸಿನ ಕೆಲಸವನ್ನೂ ಬಾಸ್ ತಂತಿಗಳಿಂದಲೇ ತೆಗೆಯಬೇಕಾಗಿ ಬಂದದ್ದರಿಂದ ಈ ಹೊಡೆತ ಹುಟ್ಟಿತು. ಇಂದು ಫಂಕ್ ರಾಕ್ ಎನ್ನಿಸಿಕೊಳ್ಳುವ ಯಾವ ತಂಡದ ಧ್ವನಿಯಲ್ಲೂ ಆ ಹೆಬ್ಬೆರಳು ಕೇಳಿಸುತ್ತದೆ. 1970ರ ದಶಕದಲ್ಲಿ ಜಾರ್ಜ್ ಕ್ಲಿಂಟನ್ ಅವರ ಫಂಕಡೆಲಿಕ್ ಈ ಬೆಸುಗೆಯನ್ನು ಇನ್ನೂ ಮುಂದೆ ಒಯ್ದಿತು. ವೇದಿಕೆಗೆ ಆಕಾಶನೌಕೆಯನ್ನೇ ಇಳಿಸಿ, ವಿಚಿತ್ರ ವೇಷ ತೊಟ್ಟು, ಗಂಟೆಗಟ್ಟಲೆ ನುಡಿಸುವ ಅವರ ಪರಿ ಲಾಸ್ ಏಂಜಲೀಸಿನ ಈ ಹುಡುಗರಿಗೆ ನೇರ ಪಾಠವಾಯಿತು.

ತಂಡ ಹುಟ್ಟಿದ್ದು ಒಂದು ಸರ್ಕಾರಿ ವ್ಯವಸ್ಥೆಯ ದೆಸೆಯಿಂದ. ಲಾಸ್ ಏಂಜಲೀಸಿನ ಶಾಲೆಗಳಲ್ಲಿ ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಬೇರೆ ಬೇರೆಯಾಗಿಯೇ ಕಲಿಯುತ್ತಿದ್ದರು. ಕಾನೂನಿನಲ್ಲಿ ಅಂಥ ನಿಯಮ ಇರಲಿಲ್ಲ. ಮನೆಗಳೇ ಬೇರೆ ಬೇರೆ ಬಡಾವಣೆಗಳಲ್ಲಿ ಇದ್ದುದರಿಂದ ಶಾಲೆಗಳೂ ಹಾಗೇ ಒಡೆದಿದ್ದವು. ದೀರ್ಘ ಕಾಲದ ಮೊಕದ್ದಮೆಯ ನಂತರ ನ್ಯಾಯಾಲಯದ ಆದೇಶದಂತೆ 1978ರಲ್ಲಿ ಮಕ್ಕಳನ್ನು ಕಡ್ಡಾಯವಾಗಿ ಬಸ್ಸಿನಲ್ಲಿ ದೂರದ ಶಾಲೆಗಳಿಗೆ ಕಳಿಸುವ ಏರ್ಪಾಡು ಜಾರಿಗೆ ಬಂತು. ವಿರೋಧ ಜೋರಾಗಿ, 1981ರಲ್ಲಿ ಅದು ನಿಂತೂ ಹೋಯಿತು. ಆ ಮೂರು ವರ್ಷಗಳ ಅವಧಿಯಲ್ಲಿ ನಗರದ ದಕ್ಷಿಣ ಭಾಗದ ಕಪ್ಪು ಜನರ ಕೇರಿಗಳಿಂದ ಬೆಟ್ಟದಾಚೆಯ ಸ್ಯಾನ್ ಫರ್ನಾಂಡೊ ಕಣಿವೆಯ ಬಿಳಿಯರ ಬಡಾವಣೆಗೆ, ಹೇಲ್ ಜೂನಿಯರ್ ಹೈಸ್ಕೂಲಿಗೆ, ಬಸ್ಸು ಹತ್ತಿ ಬಂದ ಮಕ್ಕಳಲ್ಲಿ ಐವರು ಸಂಗೀತದ ಹುಚ್ಚಿನವರು. ಬಾಸ್ ನುಡಿಸುವ ನಾರ್‌ವುಡ್ ಫಿಶರ್, ಡ್ರಮ್ಸ್ ನುಡಿಸುವ ಅವರ ತಮ್ಮ ಫಿಲಿಪ್, ಗಿಟಾರಿನ ಕೆಂಡಲ್ ಜೋನ್ಸ್, ಕಹಳೆಯ ವಾಲ್ಟರ್ ಕಿಬಿ, ಕೀಬೋರ್ಡು ಮತ್ತು ಟ್ರಾಂಬೋನಿನ ಕ್ರಿಸ್ ಡೌಡ್. ಆರನೆಯ ಹುಡುಗ ಆ್ಯಂಜಲೊ ಮೂರ್. ಅವರ ಮನೆ ಇದ್ದದ್ದು ಆ ಕಣಿವೆಯಲ್ಲೇ. ಬಿಳಿಯರ ನಡುವೆ ಬೆಳೆದ ಕಪ್ಪು ಹುಡುಗ, ಕೈಯಲ್ಲಿ ಸ್ಯಾಕ್ಸೊಫೋನು.

ಬಸ್ಸಿನ ಏರ್ಪಾಡು ಸಮಾಜವನ್ನು ಬದಲಿಸಲಿಲ್ಲ ಎಂದು ಅದರ ವಿರೋಧಿಗಳು ಹೇಳುತ್ತಿದ್ದರು. ಈ ಆರು ಮಂದಿಯ ಮಟ್ಟಿಗಂತೂ ಅದು ಜಗತ್ತನ್ನೇ ತೆರೆಯಿತು. ಮನೆಯಲ್ಲಿ ಜೇಮ್ಸ್ ಬ್ರೌನ್, ಫಂಕಡೆಲಿಕ್. ಶಾಲೆಯಲ್ಲಿ ಬಿಳಿ ಗೆಳೆಯರ ಹಾರ್ಡ್ ರಾಕ್, ಪಂಕ್. ಪಂಕ್ ಎಂದರೆ ಮೂರೇ ಸ್ವರಗುಚ್ಛಗಳಲ್ಲಿ, ಎರಡೇ ನಿಮಿಷಗಳಲ್ಲಿ ಮುಗಿಯುವ ಸಿಡಿಮದ್ದಿನಂಥ ಹಾಡು. ಇಂಗ್ಲೆಂಡಿನ ಕವೆಂಟ್ರಿಯಿಂದ ಅದೇ 1979ರಲ್ಲಿ ದ ಸ್ಪೆಷಲ್ಸ್ ಮೊದಲಾದ ತಂಡಗಳು ಜಮೈಕಾದ ಹಳೆಯ ಸ್ಕಾ ಸಂಗೀತವನ್ನು ಹೊಸದಾಗಿ ನುಡಿಸಲು ತೊಡಗಿದ್ದವು. ಸ್ಕಾ ಸಂಗೀತದಲ್ಲಿ ಗಿಟಾರಿನ ಹೊಡೆತ ಎಣಿಕೆಯ ಮೇಲೆ ಬೀಳದೆ ಎಣಿಕೆಗಳ ನಡುವೆ ಬೀಳುತ್ತದೆ. ಕಾಲು ತಾನಾಗಿ ಮೇಲೇಳುತ್ತದೆ. ಮೊದಲ ಎಣಿಕೆಗೆ ಒತ್ತು ಕೊಡುವ ಫಂಕ್, ನಡುವಿಗೆ ಒತ್ತು ಕೊಡುವ ಸ್ಕಾ, ಎಲ್ಲದಕ್ಕೂ ಒತ್ತು ಕೊಡುವ ಪಂಕ್ — ಈ ಮೂರನ್ನೂ ಒಂದೇ ಹಾಡಿನೊಳಗೆ, ಒಂದರಿಂದ ಇನ್ನೊಂದಕ್ಕೆ ಮುನ್ಸೂಚನೆಯಿಲ್ಲದೆ ಜಿಗಿಯುತ್ತ ನುಡಿಸುವುದು ಫಿಶ್‌ಬೋನ್‌ನ ಗುರುತಾಯಿತು. ಇದನ್ನು ತಪ್ಪಿಲ್ಲದೆ ನುಡಿಸಲು ಬೇಕಾದ ಕೈಚಳಕ ಸಾಮಾನ್ಯದ್ದಲ್ಲ. ತಂಡದ ಗದ್ದಲ, ಕುಣಿತ, ವೇಷಗಳಿಗೆ ಮರುಳಾದ ವಿಮರ್ಶಕರು ಆ ಸಾಧನೆಯನ್ನು ಸಾಕಷ್ಟು ಗಮನಿಸಲಿಲ್ಲ ಎಂದೇ ಹೇಳಬೇಕು.

1983ರಲ್ಲಿ, ಸದಸ್ಯರು ಇನ್ನೂ ಹದಿಹರೆಯದಲ್ಲಿದ್ದಾಗಲೇ, ಕೊಲಂಬಿಯಾ ರೆಕಾರ್ಡ್ಸ್ ಕಂಪನಿ ತಂಡದೊಡನೆ ಒಪ್ಪಂದ ಮಾಡಿಕೊಂಡಿತು. ನಿರ್ಮಾಪಕ ಡೇವಿಡ್ ಕಾನ್ ಅವರ ಕೈಯಲ್ಲಿ ಮೊದಲ ಕಿರು ಆಲ್ಬಂ 1985ರಲ್ಲಿ ಹೊರಬಂತು. ಅದರಲ್ಲಿರುವ ‘ಪಾರ್ಟಿ ಅಟ್ ಗ್ರೌಂಡ್ ಜೀರೊ’ ಅಣುಬಾಂಬಿನ ಭಯವನ್ನು ಕುಣಿತದ ಹಾಡಾಗಿ ಮಾಡಿದ ರಚನೆ. ಅಮೆರಿಕವೂ ಸೋವಿಯತ್ ಒಕ್ಕೂಟವೂ ಕ್ಷಿಪಣಿ ಹಿಡಿದು ಎದುರುಬದುರು ನಿಂತಿದ್ದ ದಿನಗಳ ಆತಂಕ ಅದರಲ್ಲಿದೆ. 1986ರಲ್ಲಿ ‘ಇನ್ ಯುವರ್ ಫೇಸ್’, 1988ರಲ್ಲಿ ‘ಟ್ರೂತ್ ಅಂಡ್ ಸೋಲ್’ ಬಂದವು. ಎರಡನೆಯದು ಗಂಭೀರ ಕೃತಿ. ಕರ್ಟಿಸ್ ಮೇಫೀಲ್ಡರ ‘ಫ್ರೆಡೀಸ್ ಡೆಡ್’ ಹಾಡನ್ನು ಹೆವಿ ಮೆಟಲ್ ಗಿಟಾರಿನ ಭಾರದೊಡನೆ ಮತ್ತೆ ಕಟ್ಟಿದ್ದು, ತಂದೆತಾಯಿಯ ವಿಚ್ಛೇದನದ ನಡುವೆ ಸಿಕ್ಕ ಮಕ್ಕಳ ಬಗೆಗಿನ ‘ಮಾ ಅಂಡ್ ಪಾ’, 1986ರಲ್ಲಿ ನ್ಯೂಯಾರ್ಕಿನ ಹೊವಾರ್ಡ್ ಬೀಚ್‌ನಲ್ಲಿ ಕಪ್ಪು ಜನರ ಮೇಲೆ ನಡೆದ ಹಲ್ಲೆಯನ್ನು ನೆನೆಯುವ ‘ಸ್ಲೋ ಬಸ್ ಮೂವಿನ್’ ಎಲ್ಲವೂ ಅದರಲ್ಲಿವೆ.

ಆದರೆ ಹಾಡು ಸಿದ್ಧವಾದರೆ ಸಾಲದು, ಕೇಳಿಸಬೇಕು. ಅಮೆರಿಕದ ವಾಣಿಜ್ಯ ರೇಡಿಯೊ ಕೇಂದ್ರಗಳು ಒಂದೊಂದೂ ಒಂದೊಂದು ಬಗೆಯ ಸಂಗೀತಕ್ಕೆ ಮೀಸಲು. ಜಾಹೀರಾತು ಕೊಡುವವರಿಗೆ ಇಂಥ ವಯಸ್ಸಿನ, ಇಂಥ ವರ್ಗದ ಕೇಳುಗರನ್ನು ಒದಗಿಸುತ್ತೇವೆ ಎಂದು ಮಾತು ಕೊಟ್ಟು ಅವು ನಡೆಯುತ್ತವೆ. 1980ರ ದಶಕದಲ್ಲಿ ಆ ವಿಂಗಡಣೆ ಬಹುಮಟ್ಟಿಗೆ ಬಣ್ಣದ ವಿಂಗಡಣೆಯೇ ಆಗಿತ್ತು. ರಾಕ್ ಕೇಂದ್ರಗಳು ಬಿಳಿಯರ ತಂಡಗಳನ್ನು ಹಾಕುತ್ತಿದ್ದವು, ಕಪ್ಪು ಕೇಳುಗರ ಕೇಂದ್ರಗಳು ಸೋಲ್ ಮತ್ತು ನೃತ್ಯಗೀತೆಗಳನ್ನು. ಬಿಲ್‌ಬೋರ್ಡ್ ಪತ್ರಿಕೆಯ ಒಂದು ಜನಪ್ರಿಯತಾ ಪಟ್ಟಿಗೆ 1982ರಿಂದ 1990ರವರೆಗೆ ‘ಕಪ್ಪು ಹಾಡುಗಳು’ ಎಂದೇ ಹೆಸರಿತ್ತು. 1981ರಲ್ಲಿ ಆರಂಭವಾದ ಎಂಟಿವಿ ವಾಹಿನಿ ಮೊದಲ ಎರಡು ವರ್ಷ ಕಪ್ಪು ಕಲಾವಿದರ ಚಿತ್ರಗಳನ್ನು ತೋರಿಸಿದ್ದು ತೀರ ಅಪರೂಪ. 1983ರಲ್ಲಿ ಮೈಕೆಲ್ ಜ್ಯಾಕ್ಸನ್ ಬಂದ ಮೇಲಷ್ಟೇ ಆ ಬಾಗಿಲು ಅರೆಬರೆ ತೆರೆಯಿತು. ಕಪ್ಪು ಹುಡುಗರು, ಅದರಲ್ಲೂ ಕಿವಿಗಡಚಿಕ್ಕುವ ಗಿಟಾರು ನುಡಿಸುವವರು, ಯಾವ ಕೇಂದ್ರದ ಪಟ್ಟಿಗೂ ಹೊಂದುತ್ತಿರಲಿಲ್ಲ. ರಾಕ್ ಕೇಂದ್ರಕ್ಕೆ ಅವರು ಕಪ್ಪು ಜನ, ಕಪ್ಪು ಜನರ ಕೇಂದ್ರಕ್ಕೆ ಅವರು ರಾಕ್. ರಾಕ್ ಸಂಗೀತವನ್ನು ಹುಟ್ಟಿಸಿದ ಚಕ್ ಬೆರಿ, ಲಿಟಲ್ ರಿಚರ್ಡ್ ಕಪ್ಪು ಜನರೇ ಆಗಿದ್ದರೆಂಬುದನ್ನು ಆ ಉದ್ಯಮ ಮರೆತುಬಿಟ್ಟಿತ್ತು. ಇದೇ ಅನ್ಯಾಯದ ವಿರುದ್ಧ 1985ರಲ್ಲಿ ನ್ಯೂಯಾರ್ಕಿನಲ್ಲಿ ಗಿಟಾರ್ ವಾದಕ ವರ್ನನ್ ರೀಡ್ ಮೊದಲಾದವರು ಬ್ಲ್ಯಾಕ್ ರಾಕ್ ಕೋಅಲಿಷನ್ ಎಂಬ ಸಂಘ ಕಟ್ಟಿದರು.

ಹಾಗಾಗಿ ಫಿಶ್‌ಬೋನ್ ಕೇಳುಗರನ್ನು ಒಬ್ಬೊಬ್ಬರಾಗಿ, ಒಂದೊಂದು ಊರಿನಲ್ಲಿ, ಕಣ್ಣೆದುರೇ ಗಳಿಸಬೇಕಾಯಿತು. ಅದರ ಕಛೇರಿ ನೋಡಿದವರು ವರ್ಣಿಸುವುದು ಮೊದಲಿಗೆ ಅದರ ವೇಗವನ್ನು. ವೇದಿಕೆಗೆ ಬಂದ ಆರು ಮಂದಿಯೂ ಹಾಡುತ್ತಾರೆ, ಆರು ಮಂದಿಯೂ ಕುಣಿಯುತ್ತಾರೆ. ಕಹಳೆ, ಟ್ರಾಂಬೋನು, ಸ್ಯಾಕ್ಸೊಫೋನು ಒಟ್ಟಿಗೆ ಸ್ವರ ಎತ್ತುವಾಗ ಅವನ್ನು ಹಿಡಿದವರು ಒಂದೆಡೆ ನಿಂತಿರುವುದಿಲ್ಲ. ಆ್ಯಂಜಲೊ ಮೂರ್ ಬಣ್ಣಬಣ್ಣದ ಸೂಟು, ಟೋಪಿ, ಕೆಲವೊಮ್ಮೆ ಬರೀ ಮೈಯಲ್ಲಿ ಬಂದು, ಸ್ಯಾಕ್ಸೊಫೋನನ್ನು ಕೊರಳಲ್ಲಿ ಹಾಕಿಕೊಂಡೇ ಲಾಗ ಹೊಡೆಯುತ್ತಾರೆ. ಹಾಡಿನ ನಡುವೆ ಸಭೆಯ ಮೇಲಕ್ಕೆ ಹಾರುತ್ತಾರೆ. ಜನ ಅವರನ್ನು ಕೈಗಳ ಮೇಲೆ ಹೊತ್ತು ಸಾಗಿಸುತ್ತಾರೆ. ಹಾಗೆ ತೇಲುತ್ತಲೇ ಹಾಡು ಮುಂದುವರಿಯುತ್ತದೆ. ಮುಂದಿನ ವರ್ಷಗಳಲ್ಲಿ ಮುಟ್ಟದೆಯೇ ನುಡಿಯುವ ಥೆರೆಮಿನ್ ಎಂಬ ವಿದ್ಯುತ್ ವಾದ್ಯವನ್ನೂ ಅವರು ಬಳಕೆಗೆ ತಂದರು. ಇದೆಲ್ಲದರ ಹಿಂದೆ ನಾರ್‌ವುಡ್ ಮತ್ತು ಫಿಲಿಪ್ ಎಂಬ ಅಣ್ಣತಮ್ಮಂದಿರ ಬಾಸ್ ಹಾಗೂ ಡ್ರಮ್ಸ್ ಅಲುಗದೆ ನಿಂತಿರುತ್ತಿದ್ದವು. ಒಂದೇ ಮನೆಯಲ್ಲಿ ಬೆಳೆದು, ಒಂದೇ ಕೋಣೆಯಲ್ಲಿ ಅಭ್ಯಾಸ ಮಾಡಿದವರಿಗೆ ಮಾತ್ರ ಬರುವ ಹೊಂದಿಕೆ ಅದು. ತಾಳ ಅಷ್ಟು ಗಟ್ಟಿಯಾಗಿದ್ದುದರಿಂದಲೇ ಉಳಿದವರಿಗೆ ಅಷ್ಟು ಸ್ವಾತಂತ್ರ್ಯ ಸಿಕ್ಕಿತು.

ಸಭೆಯೂ ಸುಮ್ಮನೆ ಕೂರುವ ಸಭೆಯಲ್ಲ. ಕುರ್ಚಿಗಳೇ ಇಲ್ಲದ ಕ್ಲಬ್ಬುಗಳಲ್ಲಿ ಸ್ಕಾ ಕುಣಿಯುವವರು, ಪಂಕ್ ಪದ್ಧತಿಯಂತೆ ಸುತ್ತು ಕಟ್ಟಿ ಓಡುವವರು, ಬಾಸ್ ವಾದನದ ಬೆರಳುಗಳನ್ನೇ ನೋಡುತ್ತ ನಿಂತ ಸಂಗೀತ ವಿದ್ಯಾರ್ಥಿಗಳು, ಕಪ್ಪು ಜನ, ಬಿಳಿ ಜನ, ಮೆಕ್ಸಿಕನ್ ಮೂಲದವರು ಒಟ್ಟಿಗೆ ಸೇರುತ್ತಿದ್ದರು. ಬಣ್ಣ ನೋಡಿ ಪಟ್ಟಿ ಮಾಡಿದ ರೇಡಿಯೊ ಒಂದೆಡೆ, ಎಲ್ಲ ಬಣ್ಣದವರೂ ಬೆವರುತ್ತ ಕುಣಿದ ಕ್ಲಬ್ಬು ಇನ್ನೊಂದೆಡೆ. ತಂಡ ಕಛೇರಿಯನ್ನು ಅಷ್ಟು ಪ್ರೀತಿಸಿದ್ದಕ್ಕೆ ಕಾರಣ ಇಲ್ಲಿದೆ. ಅವರ ಸಂಗೀತವನ್ನು ತುಂಡು ಮಾಡದೆ ಇಡಿಯಾಗಿ ಒಪ್ಪಿದ ಜಾಗ ಅದೊಂದೇ.

1987ರಲ್ಲಿ ಬೀಸ್ಟಿ ಬಾಯ್ಸ್ ಎಂಬ ರ‍್ಯಾಪ್ ತಂಡದ ದೊಡ್ಡ ಪ್ರವಾಸದಲ್ಲಿ ಫಿಶ್‌ಬೋನ್ ಆರಂಭದ ತಂಡವಾಗಿ ನುಡಿಸಿತು. ಅದರ ಅತ್ಯುತ್ತಮ ಆಲ್ಬಂ 1991ರಲ್ಲಿ ಬಂತು: ‘ದ ರಿಯಾಲಿಟಿ ಆಫ್ ಮೈ ಸರೌಂಡಿಂಗ್ಸ್’. ಆ ಹೊತ್ತಿಗೆ, ಹಿಂದೆ ಜಾಜ್ ಕಲಾವಿದ ಮೈಲ್ಸ್ ಡೇವಿಸರೊಡನೆ ಕೆಲಸ ಮಾಡಿದ್ದ ಜಾನ್ ಬಿಗಮ್ ಏಳನೆಯವರಾಗಿ ಸೇರಿದ್ದರು. ಅದಕ್ಕೆ ಮುಂಚಿನ ಮುದ್ರಣಗಳು ತೀರ ಅಚ್ಚುಕಟ್ಟು, ವೇದಿಕೆಯ ಕಾವು ಅವುಗಳಲ್ಲಿ ಇಳಿದಿಲ್ಲ ಎಂಬ ದೂರು ಇತ್ತು, ಅದು ನಿಜವೂ ಹೌದು. ಈ ಆಲ್ಬಮಿನಲ್ಲಿ ಕೊಳಗೇರಿಯ ಬದುಕು, ಮಾದಕವಸ್ತು, ಪೊಲೀಸರ ಕಾಟಗಳ ನಡುವೆ ‘ಎವ್ರಿಡೇ ಸನ್‌ಶೈನ್’ ಎಂಬ ಬೆಳಕಿನ ಹಾಡು ಎದ್ದು ನಿಲ್ಲುತ್ತದೆ. ‘ಸನ್‌ಲೆಸ್ ಸ್ಯಾಟರ್‌ಡೇ’ ಹಾಡಿನ ಚಿತ್ರವನ್ನು ನಿರ್ದೇಶಕ ಸ್ಪೈಕ್ ಲೀ ತೆಗೆದರು. ಅದೇ ವರ್ಷ ‘ಸ್ಯಾಟರ್‌ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮದಲ್ಲಿ ತಂಡ ನೇರವಾಗಿ ನುಡಿಸಿತು. ಆ ಪ್ರದರ್ಶನದಲ್ಲಿ ತಂಡದ ಪೂರ್ತಿ ಕಸುವು ಮೊದಲ ಬಾರಿಗೆ ಮನೆಮನೆಗಳ ಪರದೆ ಮೇಲೆ ಕಂಡಿತು. 1993ರಲ್ಲಿ ಇನ್ನಷ್ಟು ಗಡುಸಾದ ಇನ್ನೊಂದು ಆಲ್ಬಮ್ಮೂ ಲೊಲ್ಲಾಪಲೂಜ ಎಂಬ ಸಂಚಾರಿ ಉತ್ಸವದ ಮುಖ್ಯ ವೇದಿಕೆಯೂ ದೊರೆತವು. ಗೆಲುವು ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

ಆಗಲೇ ತಂಡ ಒಳಗಿನಿಂದ ಒಡೆಯಿತು. 1993ರಲ್ಲಿ ಕೆಂಡಲ್ ಜೋನ್ಸ್ ಒಂದು ಧಾರ್ಮಿಕ ಗುಂಪನ್ನು ಸೇರಿ ತಂಡ ತೊರೆದರು. ಗೆಳೆಯನ ಮನಸ್ಸು ಕೆಟ್ಟಿದೆ ಎಂದು ನಂಬಿ ಅವರನ್ನು ಕರೆತರಲು ಹೋದ ನಾರ್‌ವುಡ್ ಫಿಶರ್ ಮೇಲೆ ಅಪಹರಣದ ಯತ್ನದ ಮೊಕದ್ದಮೆ ಬಿತ್ತು. ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಕೊಲಂಬಿಯಾ ಒಪ್ಪಂದ ಮುಗಿಯಿತು. ಕ್ರಿಸ್ ಡೌಡ್ ಹೊರಟರು, ಕೆಲವು ವರ್ಷಗಳ ನಂತರ ಫಿಲಿಪ್, ಆಮೇಲೆ ವಾಲ್ಟರ್ ಕಿಬಿ. 1996ರಲ್ಲಿ ಒಂದು, 2000ದಲ್ಲಿ ಒಂದು, ಬೇರೆ ಬೇರೆ ಕಂಪನಿಗಳಿಂದ ಆಲ್ಬಂ ಬಂದವು. ಯಾವುದೂ ತಂಡವನ್ನು ಮೇಲೆತ್ತಲಿಲ್ಲ. ಅಲ್ಲಿಂದ ಮುಂದೆ ಫಿಶ್‌ಬೋನ್ ದೊಡ್ಡ ಕಂಪನಿಯ ಆಸರೆಯಿಲ್ಲದ ಸ್ವತಂತ್ರ ತಂಡ.

ಸ್ವತಂತ್ರ ತಂಡದ ತಿರುಗಾಟ ಹೇಗೆ ನಡೆಯುತ್ತದೆ ಎಂಬುದು ಕೇಳುಗರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ದೊಡ್ಡ ಕಂಪನಿ ಇದ್ದಾಗ ಪ್ರವಾಸದ ನಷ್ಟವನ್ನು ಅದು ಮುಂಗಡ ಹಣದಿಂದ ತುಂಬುತ್ತದೆ, ಆಲ್ಬಂ ಮಾರಾಟದಿಂದ ಮುರಿದುಕೊಳ್ಳುತ್ತದೆ. ಅದಿಲ್ಲದಾಗ ಪ್ರತಿ ರಾತ್ರಿಯ ಗಳಿಕೆ ಮರುದಿನದ ಡೀಸೆಲ್ಲಿಗೆ ಸಾಲಬೇಕು. ಊರಿನ ಕ್ಲಬ್ಬಿನವರು ಇಷ್ಟು ಹಣ ಖಾತ್ರಿ ಎಂದು ಮೊದಲೇ ಒಪ್ಪಿರುತ್ತಾರೆ, ಇಲ್ಲವೇ ಟಿಕೆಟ್ ಹಣದಲ್ಲಿ ಪಾಲು ಕೊಡುತ್ತಾರೆ. ಅದರಲ್ಲಿ ಕಛೇರಿ ಗೊತ್ತುಮಾಡುವ ಏಜೆಂಟಿನ ಕಮಿಷನ್, ಪ್ರವಾಸದ ಮ್ಯಾನೇಜರ್ ಮತ್ತು ಧ್ವನಿ ನೋಡಿಕೊಳ್ಳುವವರ ಸಂಬಳ, ವ್ಯಾನಿನ ಬಾಡಿಗೆ, ಕೋಣೆ, ಊಟ ಎಲ್ಲ ಕಳೆಯಬೇಕು. ಹತ್ತಿರದ ಊರುಗಳನ್ನು ಒಂದರ ಪಕ್ಕ ಒಂದು ಪೋಣಿಸಿದ ದಾರಿ ಸಿಕ್ಕರೆ ಲಾಭ. ನಡುವೆ ಒಂದು ದಿನ ಖಾಲಿ ಬಿದ್ದರೂ ಅಷ್ಟೂ ಜನರ ಖರ್ಚು ನಷ್ಟದ ಬಾಬ್ತು. ಮೂವರ ತಂಡಕ್ಕೆ ಇದು ಕಷ್ಟ. ಕಹಳೆ, ಟ್ರಾಂಬೋನು, ಸ್ಯಾಕ್ಸೊಫೋನು ಎಲ್ಲ ಇರುವ ಏಳು ಜನರ ತಂಡಕ್ಕೆ ಇನ್ನೂ ಕಷ್ಟ. ಮಧ್ಯಾಹ್ನ ಊರು ತಲುಪಿ ಪೆಟ್ಟಿಗೆ ಇಳಿಸುವುದು, ಸಂಜೆ ಧ್ವನಿ ಪರೀಕ್ಷೆ, ರಾತ್ರಿ ಒಂದೂವರೆ ಎರಡು ಗಂಟೆಯ ಕಛೇರಿ, ನಡುರಾತ್ರಿ ಮತ್ತೆ ಪೆಟ್ಟಿಗೆ ಏರಿಸುವುದು. ವೇದಿಕೆಯ ಮೇಲಿನ ಆ ಸ್ವಲ್ಪ ಹೊತ್ತಿಗಾಗಿ ಇಪ್ಪತ್ತೆರಡು ಗಂಟೆಯ ದುಡಿಮೆ.

ಇಂಥ ತಂಡವನ್ನು ಉಳಿಸುವುದು ಹೆಚ್ಚಾಗಿ ಬಾಗಿಲ ಬಳಿಯ ಮಾರಾಟದ ಮೇಜು. ತಂಡದ ಹೆಸರಿನ ಟೀಷರ್ಟು, ಸಿಡಿ, ಗ್ರಾಮಫೋನ್ ತಟ್ಟೆಗಳನ್ನು ಅಭಿಮಾನಿಗಳು ಅಲ್ಲಿ ಕೊಳ್ಳುತ್ತಾರೆ. ಕೆಲವು ಕ್ಲಬ್ಬುಗಳು ಆ ಮಾರಾಟದಲ್ಲೂ ಪಾಲು ಕೇಳುತ್ತವೆ. ಕಲಾವಿದರು ಇದನ್ನು ವಿರೋಧಿಸುತ್ತ ಬಂದಿದ್ದಾರೆ, ವಿರೋಧ ನ್ಯಾಯವಾದದ್ದೇ. 1999ರಲ್ಲಿ ನ್ಯಾಪ್‌ಸ್ಟರ್ ಎಂಬ ಹಾಡು ಹಂಚಿಕೆಯ ಸೇವೆ ಬಂದು ಹಾಡುಗಳು ಅಂತರ್ಜಾಲದಲ್ಲಿ ಬಿಟ್ಟಿ ಹರಿದಾಡತೊಡಗಿದ ಮೇಲೆ ಆಲ್ಬಂ ಮಾರಾಟ ಕುಸಿಯಿತು. ಅದರ ಜಾಗಕ್ಕೆ ಬಂದ ಸ್ಟ್ರೀಮಿಂಗ್ ಸೇವೆಗಳಲ್ಲಿ ಒಂದು ಹಾಡನ್ನು ಒಬ್ಬರು ಒಮ್ಮೆ ಕೇಳಿದರೆ ಸಿಗುವುದು ಒಂದು ಸೆಂಟಿಗೂ ಕಡಿಮೆ. ಹೀಗಾಗಿ, ಆಲ್ಬಮಿನ ಪ್ರಚಾರಕ್ಕೆಂದು ಕಛೇರಿ ನಡೆಸುತ್ತಿದ್ದ ಕಾಲ ಹೋಗಿ, ಕಛೇರಿಗೆ ಜನರನ್ನು ಕರೆಯಲೆಂದು ಆಲ್ಬಂ ತರುವ ಕಾಲ ಬಂತು. ಇಡೀ ಉದ್ಯಮಕ್ಕೆ ಇದು ಆಘಾತ. ಮೊದಲಿನಿಂದಲೂ ಕಛೇರಿಯನ್ನೇ ನೆಚ್ಚಿದ್ದ ಫಿಶ್‌ಬೋನ್‌ಗೆ ಈ ರೀತಿಯ ಬಾಳು ಹೊಸದಾಗಿರಲಿಲ್ಲ. 2006ರ ಅದರ ಆಲ್ಬಂ ಮೊದಲು ಹೊರಬಂದದ್ದು ಯೂರೋಪಿನಲ್ಲಿ. ಅಲ್ಲಿನ ಕೇಳುಗರು ತಂಡವನ್ನು ಕೈಬಿಟ್ಟಿರಲಿಲ್ಲ. ಫ್ರಾನ್ಸಿನ ಬೋರ್ಡೊ ನಗರದ ಕಛೇರಿಯ ಮುದ್ರಣ 2009ರಲ್ಲಿ ಪ್ರಕಟವಾಯಿತು.

ಈ ಬಾಳಿನ ಬೆಲೆ ಹಗುರವಲ್ಲ. ಲೆವ್ ಆ್ಯಂಡರ್ಸನ್ ಮತ್ತು ಕ್ರಿಸ್ ಮೆಟ್ಸ್ಲರ್ 2010ರಲ್ಲಿ ಮಾಡಿದ ‘ಎವ್ರಿಡೇ ಸನ್‌ಶೈನ್’ ಎಂಬ ಸಾಕ್ಷ್ಯಚಿತ್ರ ಅದನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ನಟ ಲಾರೆನ್ಸ್ ಫಿಶ್‌ಬರ್ನ್ ನಿರೂಪಿಸಿದ ಈ ಚಿತ್ರದಲ್ಲಿ ಆ್ಯಂಜಲೊ ಮೂರ್ ನಡುವಯಸ್ಸಿನಲ್ಲಿ ಬಾಡಿಗೆ ಕಟ್ಟಲಾಗದೆ ತಾಯಿಯ ಮನೆಗೆ ಮರಳುತ್ತಾರೆ. ಅದೇ ಚಿತ್ರದಲ್ಲಿ ರೆಡ್ ಹಾಟ್ ಚಿಲಿ ಪೆಪರ್ಸ್‌ನ ಬಾಸ್ ವಾದಕ ಫ್ಲೀ, ನೋ ಡೌಟ್ ತಂಡದ ಗಾಯಕಿ ಗ್ವೆನ್ ಸ್ಟೆಫಾನಿ, ಪ್ರೈಮಸ್ ತಂಡದ ಲೆಸ್ ಕ್ಲೇಪೂಲ್ ಬಂದು ಫಿಶ್‌ಬೋನನ್ನು ಕೊಂಡಾಡುತ್ತಾರೆ. ಅದೇ ಕ್ಯಾಲಿಫೋರ್ನಿಯಾ ರಾಜ್ಯದ ಕ್ಲಬ್ಬುಗಳಲ್ಲಿ ಹತ್ತಿರಹತ್ತಿರ ಒಂದೇ ಸಂಗೀತ ನುಡಿಸಿದ, ಬಹುಪಾಲು ಬಿಳಿಯರೇ ಇದ್ದ ತಂಡಗಳು ಜಗತ್ಪ್ರಸಿದ್ಧವಾದವು. ಪ್ರತಿಭೆಯೊಂದರಿಂದಲೇ ಈ ಅಂತರವನ್ನು ವಿವರಿಸಲಾಗದು. ತಂಡದೊಳಗಿನ ಜಗಳ, ಯಾರ ಮಾತನ್ನೂ ಕೇಳದ ಹಟ ಇವೂ ಕಾರಣವೇ. ಆದರೆ ಬಣ್ಣ ನೋಡಿ ಹಾಡು ಹಾಕಿದ ರೇಡಿಯೊದ ಪಾಲು ಅದರಲ್ಲಿ ಎಲ್ಲಕ್ಕಿಂತ ದೊಡ್ಡದು.

ಇನ್ನೊಂದು ಬೆಲೆ ಕೇಳುಗರ ಪಾಲಿಗೂ ಬಂತು. 2010ರಲ್ಲಿ ಫಿಲಡೆಲ್ಫಿಯಾದ ಕಛೇರಿಯೊಂದರಲ್ಲಿ ಮೂರ್ ಸಭೆಗೆ ಹಾರಿದಾಗ ಕೆಳಗಿದ್ದ ಮಹಿಳೆಯೊಬ್ಬರ ತಲೆಬುರುಡೆಗೂ ಕೊರಳ ಬಳಿಯ ಎಲುಬಿಗೂ ಪೆಟ್ಟಾಯಿತು. ನ್ಯಾಯಾಲಯ 2014ರಲ್ಲಿ ಅವರಿಗೆ ಸುಮಾರು 14 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಸಭೆಗೆ ಹಾರುವ ರೂಢಿ ಪಂಕ್ ಕ್ಲಬ್ಬುಗಳಲ್ಲಿ ಬೆಳೆದದ್ದು; ಎಲ್ಲರಿಗೂ ಗೊತ್ತಿದ್ದು, ಎಲ್ಲರೂ ಕೈ ಚಾಚಿ ಹಿಡಿಯುವ ಕಡೆ ಅದು ಆಟ. ಹಿಡಿಯಲು ಸಿದ್ಧರಿಲ್ಲದವರ ಮೇಲೆ ಹಾರುವುದು ಆಟವಲ್ಲ. ವೇದಿಕೆಯ ಮೇಲಿನ ಉತ್ಸಾಹಕ್ಕೆ ಇರಬೇಕಾದ ಗಡಿಯನ್ನು ಆ ತೀರ್ಪು ಸರಿಯಾಗಿಯೇ ಗುರುತಿಸಿತು.

ತಂಡ ನಿಲ್ಲಲಿಲ್ಲ. ವಾಲ್ಟರ್ ಕಿಬಿ ಮರಳಿದರು, ಬಹಳ ವರ್ಷಗಳ ಮೇಲೆ ಕ್ರಿಸ್ ಡೌಡ್ ಕೂಡ. 2020ರ ಮಾರ್ಚಿನಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಜಗತ್ತಿನ ಬಹುತೇಕ ಕ್ಲಬ್ಬುಗಳು ಮುಚ್ಚಿದಾಗ ಕಛೇರಿಯನ್ನೇ ನಂಬಿದ ಕಲಾವಿದರ ಬದುಕು ಬೀದಿಗೆ ಬಿತ್ತು. ಬಾಗಿಲು ತೆರೆದೊಡನೆ ಮೊದಲು ರಸ್ತೆಗಿಳಿದವರೂ ಅವರೇ. 2023ರಲ್ಲಿ ಫಿಶ್‌ಬೋನ್ ಹೊಸ ಕಿರು ಆಲ್ಬಂ ತಂದಿತು. ಎಷ್ಟೋ ಮಂದಿ ಬಂದುಹೋದರೂ 1979ರಿಂದ ಎಂದೂ ತಂಡ ಬಿಡದೆ ಉಳಿದವರು ಆ್ಯಂಜಲೊ ಮೂರ್.

ಫಂಕ್ ಮತ್ತು ರಾಕ್ ಬೆರೆಸಿ, ಸ್ವಂತ ಕಾಲ ಮೇಲೆ ನಿಂತು ತಿರುಗುವ ಈ ರೀತಿ ಬೆಂಗಳೂರಿಗೂ ಹೊಸದಲ್ಲ. 1996ರಲ್ಲಿ ಇಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ರಾಕ್, ಫಂಕ್, ಜಾಜ್ ಕೂಡಿದ ತನ್ನ ಸಂಗೀತವನ್ನು ‘ಬೆಂಗಳೂರು ರಾಕ್’ ಎಂದೇ ಕರೆದುಕೊಂಡಿದೆ. ಗಿಟಾರ್ ವಾದಕ ಹಾಗೂ ಗಾಯಕ ಬ್ರೂಸ್ ಲೀ ಮಣಿ, ಡ್ರಮ್ಸ್ ವಾದಕ ರಾಜೀವ್ ರಾಜಗೋಪಾಲ್ ಅದರ ಆಧಾರ. 2012ರಲ್ಲಿ ಅವರು ಮೂರು ಸಿಡಿಗಳ ಒಂದು ಆಲ್ಬಂ ತಂದರು, ಅದರ ಹೆಸರಿನಲ್ಲಿರುವ ಮೂರು ಚಕ್ರ ಈ ಊರಿನ ಆಟೋದ್ದು. ಜನಪ್ರಿಯ ಚಿತ್ರಗೀತೆಗಳ ಅಬ್ಬರದ ನಡುವೆ ಸ್ವಂತ ಇಂಗ್ಲಿಷ್ ಹಾಡುಗಳನ್ನೇ ನುಡಿಸುತ್ತ ಎರಡು ದಶಕಕ್ಕೂ ಹೆಚ್ಚು ಕಾಲ ಉಳಿಯುವುದು ಸಣ್ಣ ಸಾಧನೆಯಲ್ಲ. ಇವರಿಗೂ ಬಾಳು ಕೊಟ್ಟದ್ದು ಕಾಲೇಜು ಉತ್ಸವ, ಕ್ಲಬ್ಬು, ಬಯಲು ಸಭಾಂಗಣಗಳ ವೇದಿಕೆಗಳೇ.

ಫಿಶ್‌ಬೋನನ್ನು ಮೊದಲ ಬಾರಿ ಕೇಳುವವರು 1991ರ ಆಲ್ಬಮಿನಿಂದ ತೊಡಗುವುದು ಒಳ್ಳೆಯದು. ಅದಾದ ಮೇಲೆ ‘ಟ್ರೂತ್ ಅಂಡ್ ಸೋಲ್’, ಬಳಿಕ ಬೋರ್ಡೊ ಕಛೇರಿಯ ಮುದ್ರಣ. ಸಾಕ್ಷ್ಯಚಿತ್ರವನ್ನು ಕೊನೆಗೆ ನೋಡಬಹುದು. ಸಂಗೀತ ಕಿವಿಗೆ ಬಿದ್ದ ಮೇಲೆ ಅದರ ಕಷ್ಟಸುಖ ಹೆಚ್ಚು ತಿಳಿಯುತ್ತದೆ. ಮತ್ತು ತಮ್ಮ ಊರಿಗೆ ಸ್ವತಂತ್ರ ತಂಡವೊಂದು ಬಂದಾಗ, ಅದರ ಹಾಡು ಫೋನಿನಲ್ಲಿ ಬಿಟ್ಟಿ ಸಿಗುತ್ತದಲ್ಲ ಎಂದು ಮನೆಯಲ್ಲಿ ಕೂರದೆ, ಕೇಳುಗರು ಟಿಕೆಟ್ ಕೊಂಡು ಹೋಗಬೇಕು. ಹೊರಗೆ ಬರುವಾಗ ಬಾಗಿಲ ಬಳಿಯ ಮೇಜಿನಿಂದ ಒಂದು ಟೀಷರ್ಟೋ ಒಂದು ಸಿಡಿಯೋ ಕೊಂಡರೆ, ಆ ಹಣದ ಹೆಚ್ಚಿನ ಪಾಲು ನುಡಿಸಿದವರ ಕೈ ಸೇರುತ್ತದೆ.